ಸೊಳ್ಳೆ ಮೇಡಂ ಮತ್ತು ಕೆಟಲ್ ಮುಚ್ಚಳ

ಮನುಷ್ಯಕುಲ ಇದುವರೆಗೂ ಇತ್ಯರ್ಥ ಮಾಡಿಕೊಳ್ಳದೆ ಬಿಟ್ಟಿರುವ ಗಂಭೀರ ಪ್ರಶ್ನೆಗಳ ಸಾಲಿಗೆ ಇದನ್ನೂ ಸೇರಿಸಬೇಕು: ಚಹಾದ ರುಚಿ ನೋಡಿದರೆ ಚಹಾ ಕುಡಿದಂತೆ ಆಗುತ್ತದೆಯೋ ಇಲ್ಲವೋ? ಪಂಡಿತರು ಈ ಕಡೆ ಗಮನ ಹರಿಸಿದಂತಿಲ್ಲ. ಇಂಥದೊಂದು ದಾವೆ ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದಂತಿಲ್ಲ. ಆದರೆ ಹೆದ್ದಾರಿಯಿಂದ ಒಳಕ್ಕೆ ತಿರುಗುವ ಹಳ್ಳಿಯೊಂದರ ಕೂಡುರಸ್ತೆಯಲ್ಲಿ ಈ ಪ್ರಶ್ನೆಯ ಮೇಲೆ ದುಡಿದು ತಿನ್ನುವ ಇಬ್ಬರು ಎದುರುಬದುರು ನಿಂತಿದ್ದಾರೆ. ರಸ್ತೆಯ ಆ ಕಡೆ ಚಹಾ ಅಂಗಡಿಯವರು. ಈ ಕಡೆ, ಶಾಲೆಯ ಜಗಲಿಯ ಮೇಲೆ, ರಕ್ತ ತೆಗೆಯುವವರು. ಇಬ್ಬರಿಗೂ ತಮ್ಮ ಕಸುಬಿನ ಮೇಲೆ ಬಲು ಹೆಮ್ಮೆ. ಜಗಳ ಬಗೆಹರಿಯದಿರಲು ಅದೇ ಕಾರಣ.

ರಕ್ತ ತೆಗೆಯುವವರಿಗೆ ಊರವರು ಇಟ್ಟಿರುವ ಹೆಸರು ಸೊಳ್ಳೆ ಮೇಡಂ. ಬೆಳಗಿನ ಜಾವ ಬರುತ್ತಾರೆ, ಗುಂಯ್ ಎನ್ನುವ ಹಳೇ ಸ್ಕೂಟರಿನಲ್ಲಿ ಬರುತ್ತಾರೆ, ಬಂದ ಕೆಲಸ ರಕ್ತ ಹೀರುವುದು. ಹೆಸರಿನಲ್ಲಿ ತಪ್ಪು ಹುಡುಕುವುದು ಕಷ್ಟ. ಅವರೂ ಹುಡುಕಲು ಹೋಗಿಲ್ಲ. “ಸೊಳ್ಳೆ ಕಚ್ಚಿದ್ರೆ ಕೆರೆತ ಆಗುತ್ತೆ. ನಾನು ಕಚ್ಚಿದ್ರೆ ಅದೂ ಇಲ್ಲ. ಹೋಲಿಸಿದ್ರೆ ನಾನೇ ವಾಸಿ,” ಎನ್ನುತ್ತ ಸ್ಕೂಟರಿನ ಹಿಂದೆ ಹಗ್ಗದಿಂದ ಬಿಗಿದಿದ್ದ ಐಸ್ ಡಬ್ಬಿಯನ್ನು ಮಗುವನ್ನು ಇಳಿಸಿಕೊಳ್ಳುವಷ್ಟು ಜೋಪಾನವಾಗಿ ಇಳಿಸಿಕೊಳ್ಳುತ್ತಾರೆ.

ಇನ್ನೂ ಮಬ್ಬುಗತ್ತಲೆ. ಶಾಲೆಯ ಕಾವಲುಗಾರ ಆಕಳಿಸುತ್ತ ಬಂದು ಬೀಗ ತೆಗೆಯುವವರೆಗೆ ಮೇಡಂ ಜಗಲಿಯನ್ನು ಗುಡಿಸಿ, ಮಕ್ಕಳ ಬೆಂಚೊಂದಕ್ಕೆ ಬಟ್ಟೆ ಹಾಸಿ, ಹತ್ತಿ, ಸೂಜಿ, ತೋಳಿಗೆ ಕಟ್ಟುವ ರಬ್ಬರ್ ಪಟ್ಟಿಗಳನ್ನು ಸಾಲಾಗಿ ಇಟ್ಟುಕೊಳ್ಳುತ್ತಾರೆ. ಬೀಗ ತೆಗೆದ ಮೇಲೆಯೇ ವಿದ್ಯುತ್ತು, ವಿದ್ಯುತ್ತು ಬಂದ ಮೇಲೆಯೇ ರಕ್ತದ ಟ್ಯೂಬುಗಳನ್ನು ಗರಗರ ತಿರುಗಿಸುವ ಯಂತ್ರ. ಯಂತ್ರ ತಿರುಗುವ ಭರವಸೆಯಿಲ್ಲದೆ ಅವರು ಯಾರ ತೋಳನ್ನೂ ಮುಟ್ಟುವುದಿಲ್ಲ. ತೆಗೆದ ರಕ್ತ ಸ್ವಲ್ಪ ಹೊತ್ತು ನೆಟ್ಟಗೆ ನಿಂತು ಹೆಪ್ಪುಗಟ್ಟಬೇಕು, ಆಮೇಲೆ ತಡಮಾಡದೆ ತಿರುಗಬೇಕು, ಮೇಲೆ ತೇಲುವ ತಿಳಿಯನ್ನು ಬೇರೆ ಟ್ಯೂಬಿಗೆ ಹೀರಿ ಐಸಿಗೆ ಇಳಿಸಬೇಕು. ತಡವಾದರೆ ಅದರೊಳಗಿನ ಪ್ರೋಟೀನು ಕೆಡುತ್ತದೆ, ಕುಲುಕಿದರೆ ರಕ್ತದ ಕಣಗಳು ಒಡೆದು ತಿಳಿ ಕೆಂಪಾಗುತ್ತದೆ. ಊರಿನ ಹೆಂಗಸರು ಆ ಯಂತ್ರವನ್ನು ಮಿಕ್ಸಿ ಎಂದೇ ಕರೆಯುವುದು. “ನಮ್ಮ ರಕ್ತ ರುಬ್ಬೋಕೆ ಇಷ್ಟು ದೂರ ಬರ್ತಾರಲ್ಲಪ್ಪ,” ಎಂದು ಮೊದಲ ದಿನ ಯಾರೋ ಅಂದಿದ್ದು ಇನ್ನೂ ಚಾಲ್ತಿಯಲ್ಲಿದೆ.

ಮೊದಲಿಗೆ ಬಂದು ಕೂತವರು ಒಬ್ಬ ಅಜ್ಜಿ. ಮೇಡಂ ಅವರ ತೋಳನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾತಿಗೆ ಇಳಿಯುತ್ತಾರೆ.

“ಏನಾದ್ರೂ ತಿಂದ್ರಾ ಅಜ್ಜಿ?”

“ಅಯ್ಯೋ, ಇಲ್ಲ ತಾಯಿ. ನೀನು ಬೇಡ ಅಂದಿದ್ದೀಯಲ್ಲ.”

“ಕುಡಿದ್ರಾ?”

“ಬರೀ ನೀರು.”

“ನೀರಿಗೆ ಏನು ಹಾಕಿದ್ರಿ?”

ಅಜ್ಜಿ ಶಾಲೆಯ ಗೋಡೆಯ ಮೇಲಿದ್ದ ಮಗ್ಗಿ ಓದತೊಡಗುತ್ತಾರೆ. ಓದು ಬಾರದ ಅಜ್ಜಿ. “ಒಂದು ಚಮಚ ಜೇನುತುಪ್ಪ,” ಎಂದು ಕೊನೆಗೆ ಒಪ್ಪಿಕೊಳ್ಳುತ್ತಾರೆ. “ಅದು ಔಷಧಿ ಅಲ್ವಾ? ಔಷಧಿ ಲೆಕ್ಕಕ್ಕೆ ಬರುತ್ತಾ?”

“ಬರುತ್ತೆ ಅಜ್ಜಿ. ನಾಳೆ ಬನ್ನಿ. ಬರೀ ನೀರು. ಔಷಧಿ ನನ್ನ ಮುಂದೆ ಕುಡೀರಿ.”

ತಿಂದಿದ್ದೀರಾ ಎಂದು ಕೇಳಿದರೆ ಯಾರೂ ಹೂಂ ಅನ್ನುವುದಿಲ್ಲ. ಇದನ್ನು ಕಲಿಯಲು ಮೇಡಂಗೆ ಬಹಳ ದಿನ ಬೇಕಾಗಲಿಲ್ಲ. ಜನ ಸುಳ್ಳು ಹೇಳುತ್ತಾರೆ ಎಂದಲ್ಲ, ಅವರವರ ಬಾಯಿಗೆ ಅವರವರದೇ ಕಾನೂನು. ಎಲೆ ಅಡಿಕೆ ತಿಂಡಿಯಲ್ಲ, ಮಗು ಬಿಟ್ಟಿದ್ದನ್ನು ಬಾಯಿಗೆ ಹಾಕಿಕೊಂಡರೆ ಅದು ಊಟವಲ್ಲ, ಬಟ್ಟಲು ತೊಳೆಯುವ ಮೊದಲು ತಳ ಒರೆಸಿ ನೆಕ್ಕಿದ್ದು ಯಾವುದಕ್ಕೂ ಸೇರಿದ್ದಲ್ಲ. ಇವರ ಪರೀಕ್ಷೆಗೋ ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು. ಬೆಳಗ್ಗೆ ಹತ್ತು ಹನ್ನೆರಡು ತೋಳು ಸಿಕ್ಕರೆ ಅದು ಒಳ್ಳೆಯ ದಿನ. ಅರ್ಧಕ್ಕರ್ಧ ಜನರನ್ನು ವಾಪಸು ಕಳಿಸಿ, ಅವರ ಬೈಗುಳ ಹೊಟ್ಟೆಗೆ ಹಾಕಿಕೊಂಡು, ಮಾರನೆಯ ದಿನ ಮತ್ತೆ ಅದೇ ಜಗಲಿ ಗುಡಿಸುವುದು ಮಾಮೂಲು.

ಇಷ್ಟೆಲ್ಲ ಯಾತಕ್ಕೆ? ಸಂಶೋಧನೆಯ ಮುಖ್ಯಸ್ಥರು, ಮೇಡಂ ಬಾಯಲ್ಲಿ ‘ದೊಡ್ಡ ಡಾಕ್ಟರು’, ಹೇಳುವುದು ಹೀಗೆ: “ರಕ್ತದಲ್ಲಿ ಸಕ್ಕರೆ ಏರೋಕೆ ಎಷ್ಟೋ ವರ್ಷ ಮುಂಚೆ ಕೆಲವು ಪ್ರೋಟೀನುಗಳ ಮಟ್ಟ ಹೆಚ್ಚುಕಡಿಮೆ ಆಗೋದುಂಟು. ಆದ್ರೆ ನಾವು ಓದಿರೋದು ಹೆಚ್ಚಾಗಿ ನಗರದ ಆಸ್ಪತ್ರೆಗೆ ಬಂದವರ ರಕ್ತ. ಕುರ್ಚಿ ಮೇಲೆ ಕೂತು ದುಡಿಯೋರ ರಕ್ತ ಹೇಳೋದನ್ನೇ ಬಿಸಿಲಲ್ಲಿ ಬಗ್ಗಿ ದುಡಿಯೋರ ರಕ್ತವೂ ಹೇಳುತ್ತಾ? ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಕೇಳೋಕೆ ಹೊರಟಿರೋದು.” ಹಾಗಾಗಿ ಐದು ವರ್ಷದ ಕೆಳಗೆ ಈ ಸುತ್ತಿನ ಹಳ್ಳಿಗಳಲ್ಲಿ ಒಂದು ಸಲ ರಕ್ತ ತೆಗೆದು ಫ್ರೀಜರಿನಲ್ಲಿ ಇಟ್ಟರು. ಈಗ ಅವೇ ಜನರಿಂದ ಎರಡನೇ ಸಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಯಾರಿಗೆ ಸಕ್ಕರೆ ಕಾಯಿಲೆ ಬಂತು, ಬಂದವರ ಹಳೆಯ ರಕ್ತದಲ್ಲಿ ಯಾವ ಪ್ರೋಟೀನು ಮೊದಲೇ ಪಿಸುಗುಟ್ಟಿತ್ತು ಎಂಬುದು ತಿಳಿಯುತ್ತದೆ. ಎರಡನೆಯದು ಸಿಗದಿದ್ದರೆ ಮೊದಲನೆಯದು ಫ್ರೀಜರಿನಲ್ಲಿ ಜಾಗ ಹಿಡಿದಿದ್ದಷ್ಟೇ ಬಂತು.

ಇದನ್ನೇ ಮೇಡಂ ಜಗಲಿಯ ಮೇಲೆ ಹೇಳುವಾಗ ಪ್ರೋಟೀನು ಎಂಬ ಮಾತು ಕಡೆಗೆ ಬರುತ್ತದೆ. “ಸಕ್ಕರೆ ಕಾಯಿಲೆ ಅನ್ನೋದು ಹೇಳದೆ ಕೇಳದೆ ಬರೋ ನೆಂಟ ಅಂದ್ಕೊಂಡಿದ್ದೀವಿ. ಹಾಗಲ್ಲ. ಅವನು ಬಾಗಿಲಿಗೆ ಬರೋ ಮುಂಚೆ ಬೀದಿ ತುದೀಲಿ ಚಪ್ಪಲಿ ಸದ್ದು ಆಗುತ್ತೆ. ಆ ಸದ್ದು ಕೇಳಿಸ್ಕೊಳ್ಳೋಕೆ ಈ ರಕ್ತ. ಕೇಳಿಸಿದ್ರೆ ಬಾಗಿಲು ಹಾಕ್ಕೋಬಹುದು.”

“ಒಳಗೇ ಬಂದು ಕೂತಿದ್ರೆ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

“ಕೂತಿದ್ರೆ ಸತ್ಕಾರ ಕಡಿಮೆ ಮಾಡೋದು. ಹಾಸಿಗೆ ಹಾಸ್ಬೇಡಿ ಅಷ್ಟೇ.”

ಈ ಮಾತಿನ ಹಿಂದೆ ಅವರದೇ ಮನೆಯ ಕತೆಯಿದೆ. ರಕ್ತ ಪರೀಕ್ಷೆಯ ತರಬೇತಿಗೆ ಅವರು ಸೇರಿದ್ದು ಮಗಳನ್ನು ಶಾಲೆಗೆ ಹಾಕಿದ ಮೇಲೆ. ತರಗತಿಗೆಲ್ಲ ಸೇರಿ ಇದ್ದದ್ದು ಒಂದೇ ರಬ್ಬರ್ ತೋಳು, ಅದಕ್ಕೂ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಜರಡಿಯ ಅವಸ್ಥೆ. ಮನೆಯಲ್ಲಿ ಅಭ್ಯಾಸ ಮಾಡೋಣವೆಂದರೆ ಗಂಡ ದರ್ಜಿ. ದಿನವಿಡೀ ಸೂಜಿಯ ಜೊತೆಗೇ ಸಂಸಾರ ಮಾಡುವ ಆ ಮಹಾರಾಯರು ಅದರ ಮೊನೆ ತಮ್ಮ ಕಡೆ ತಿರುಗಿದ್ದು ಕಂಡ ಕೂಡಲೇ ಗೋಡೆಗೆ ಒರಗಿ ಕಣ್ಣು ಮೇಲೆ ಮಾಡಿದರು. ಆಗ ಅಡುಗೆಮನೆಯಿಂದ ಬಂದು ತೋಳು ಚಾಚಿದವರು ಅತ್ತೆ.

“ಸೂಜಿ ಚುಚ್ಚೋಕೆ ಅತ್ತೇನೇ ಸಿಕ್ಕಿದ್ರೆ ಯಾವ ಸೊಸೆ ಬೇಡ ಅಂತಾಳೆ?” ಎಂದು ಮೇಡಂ ನಗುತ್ತಾರೆ. ಹಾಗೆ ತೆಗೆದ ರಕ್ತವನ್ನು ತರಗತಿಗೆ ಒಯ್ದರು, ಎಲ್ಲರೂ ಕೂಡಿ ಸಕ್ಕರೆ ಅಳೆಯಲು ಕಲಿತರು. ಅಳತೆ ನೋಡಿದ ಮೇಷ್ಟರು ಯಂತ್ರ ಕೆಟ್ಟಿದೆ ಅಂದುಕೊಂಡರು. ಇನ್ನೊಮ್ಮೆ ಅಳೆದರು. ಆಮೇಲೆ, “ಇದು ಯಾರ ರಕ್ತಮ್ಮ? ಪಾಠ ಆಮೇಲೆ ಆಗ್ಲಿ. ಮೊದಲು ಅವರನ್ನ ಕರ್ಕೊಂಡು ಬಾ,” ಅಂದರು.

ಅಷ್ಟರಲ್ಲಾಗಲೇ ಅತ್ತೆಯ ಎಡಗಣ್ಣು ಹೋಗಿತ್ತು. ವಯಸ್ಸಾಯಿತು, ಮಂಜಾಗುತ್ತಿದೆ ಎಂದು ಅವರು ಯಾರಿಗೂ ಹೇಳದೆ ಸೊಪ್ಪು ಬಿಡಿಸುವಾಗ ತಲೆ ಓರೆ ಮಾಡಿಕೊಂಡು ಕಾಲ ಹಾಕುತ್ತಿದ್ದರು. ಬಲಗಣ್ಣು ಉಳಿಯಿತು. ಆ ಒಂದು ಕಣ್ಣಿನಲ್ಲಿ ಎರಡು ಕಣ್ಣಿನಷ್ಟು ನೋಡುವ ಅತ್ತೆ ಈಗಲೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಂದವರಿಗೆ ಕತೆ ಹೇಳುತ್ತಾರೆ: “ಇವಳಿಗೆ ನನ್ನ ಮೇಲೆ ಕೋಪ ಇದ್ದಿದ್ದಕ್ಕೆ ನನಗೆ ಒಂದು ಕಣ್ಣು ಉಳೀತು. ಪ್ರೀತಿ ಇದ್ದಿದ್ರೆ ಬಿಡು ಪಾಪ ಅಂತಿದ್ಲು.”

ಸೊಸೆ ಮಾತ್ರ ಆ ಕತೆಗೆ ಪೂರ್ತಿ ನಗುವುದಿಲ್ಲ. “ಅತ್ತೆ ರಕ್ತ ಎಷ್ಟು ವರ್ಷದಿಂದ ಹೇಳ್ತಾ ಇತ್ತೋ. ಒಂದೇ ಮನೇಲಿ ಇದ್ವಿ. ಕೇಳೋರು ಇರಲಿಲ್ಲ,” ಎಂದು ಸ್ಕೂಟರಿಗೆ ಹಗ್ಗ ಬಿಗಿಯುತ್ತಾರೆ. ಅಂದಿನಿಂದ ಅವರು ಯಾರನ್ನೂ ಸುಲಭಕ್ಕೆ ಬಿಡುವುದಿಲ್ಲ.

ಬಿಡದೆ ಹಿಡಿದವರ ಪೈಕಿ ಕೂಡುರಸ್ತೆಯ ಚಹಾ ಅಂಗಡಿಯವರೂ ಒಬ್ಬರು. ಊರಿಗೆಲ್ಲ ಅವರು ಕೆಟ್ಲಣ್ಣ. ಐದು ವರ್ಷದ ಹಿಂದೆ ಅವರು ಕೆಟ್ಲಣ್ಣನಾಗಿರಲಿಲ್ಲ, ಉಗ್ರಾಣದಲ್ಲಿ ಮೂಟೆ ಹೊರುತ್ತಿದ್ದರು. ಮೊದಲ ಸಲ ರಕ್ತ ಕೊಟ್ಟದ್ದು ಆಗಲೇ, ಒಂದು ಮೂಟೆಗೂ ಇನ್ನೊಂದು ಮೂಟೆಗೂ ನಡುವೆ, “ಬೇಗ ಮೇಡಂ, ಲಾರಿ ನಿಂತಿದೆ,” ಎನ್ನುತ್ತ. ಆಮೇಲೆ ಬೆನ್ನು ಕೈಕೊಟ್ಟಿತು. ಕೂಡುರಸ್ತೆಯಲ್ಲಿ ತಗಡಿನ ಮಾಡು, ಒಂದು ಒಲೆ, ಎರಡು ಬೆಂಚು, ದೊಡ್ಡದೊಂದು ಅಲ್ಯೂಮಿನಿಯಂ ಕೆಟಲ್ ಬಂತು. ಬೆಳಕು ಹರಿಯುವ ಎಷ್ಟೋ ಮುಂಚೆ ಅಂಗಡಿ ತೆರೆಯುತ್ತದೆ. ತರಕಾರಿ ಲಾರಿಯವರು, ಮೊದಲ ಬಸ್ಸಿನ ಡ್ರೈವರು, ಹೊಲಕ್ಕೆ ಹೋಗುವವರು, ಯಾರೇ ಆಗಲಿ ಅಲ್ಲಿ ನಿಂತೇ ಮುಂದಕ್ಕೆ. ಕೆಟ್ಲಣ್ಣ ಅಂದಿನಿಂದ ಮೂಟೆ ಹೊತ್ತಿಲ್ಲ. ಒಲೆಯ ಮುಂದಿನ ಸ್ಟೂಲು ಬಿಟ್ಟು ಎದ್ದದ್ದೂ ಕಡಿಮೆ. ಹೊಟ್ಟೆ ಮಾತ್ರ ತನ್ನ ಪಾಡಿಗೆ ಮುಂದಕ್ಕೆ ನಡೆದಿದೆ.

ಸಕ್ಕರೆ ಕಾಯಿಲೆಯ ಮಾತೆತ್ತಿದರೆ ಅವರ ಉತ್ತರ ಸಿದ್ಧ. “ಮೇಡಂ, ಸಕ್ಕರೆ ಮೂಟೇನೇ ಬೆನ್ನ ಮೇಲೆ ಹೊತ್ತೋನು ನಾನು. ಆಗ ಏನೂ ಆಗಲಿಲ್ಲ. ಈಗ ಏನಾಗುತ್ತೆ?”

ಈ ಸುತ್ತಿನಲ್ಲಿ ಮೊದಲ ಸಲ ಅವರು ಜಗಲಿಗೆ ಬಂದಾಗ ಮೀಸೆಯ ತುದಿಯಲ್ಲಿ ಹಾಲಿನ ಕೆನೆಯಿತ್ತು. ವಾಪಸು ಕಳಿಸಿದ್ದಾಯಿತು. ಎರಡನೇ ಸಲ ಮೀಸೆ ಒಣಗಿತ್ತು, ಮುಖ ತೊಳೆದಿತ್ತು, ಒಂದು ಹನಿಯೂ ಬಾಯಿಗೆ ಹೋಗಿಲ್ಲವೆಂದು ಕೆಟ್ಲಣ್ಣ ಎದೆ ತಟ್ಟಿ ಹೇಳಿದರು. ಮೇಡಂ ಆ ದಿನ ಬಂದಾಗಿನಿಂದ ರಸ್ತೆಯ ಈಚೆ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಂಗಡಿಯನ್ನೇ ನೋಡಿದ್ದರು. ಪ್ರತಿ ಸಲ ಚಹಾ ಕುದಿ ಬಂದಾಗ ಕೆಟ್ಲಣ್ಣ ಮಾಡುವುದು ಒಂದೇ ಕೆಲಸ: ಕೆಟಲ್‌ನ ಮುಚ್ಚಳ ಎತ್ತಿಕೊಂಡು ಅಂಗಾತ ಹಿಡಿದು, ಅದಕ್ಕೆ ಅರ್ಧ ಸೌಟು ಚಹಾ ಬಿಟ್ಟುಕೊಂಡು, ಸೊರ್ ಎಂದು ಹೀರಿ, ಕಣ್ಣು ಮುಚ್ಚಿ, ಬೇಕಾದರೆ ಇನ್ನೊಂದು ಹಿಡಿ ಸಕ್ಕರೆ ಎಸೆದು, ಮುಚ್ಚಳವನ್ನು ಮತ್ತೆ ಪಕ್ಕಕ್ಕೆ ಇಡುವುದು. ಆ ಮುಚ್ಚಳ ಕೆಟಲ್ ಮೇಲೆ ಕೂತಿದ್ದನ್ನು ಕಂಡವರಿಲ್ಲ.

“ಅಣ್ಣಾ, ಕುಡಿದಿದ್ದೀರಲ್ಲ.”

“ಯಾವಾಗ?”

“ಈಗ. ಅದಕ್ಕೆ ಮುಂಚೆ. ಅದಕ್ಕೂ ಮುಂಚೆ. ಮುಚ್ಚಳದಲ್ಲಿ.”

ಕೆಟ್ಲಣ್ಣ ನಿಜವಾಗಿಯೂ ಬೆರಗಾದರು. “ಅದಾ? ಅದು ಕುಡಿಯೋದಲ್ಲ ಮೇಡಂ. ರುಚಿ ನೋಡೋದು.”

“ಗಂಟಲಲ್ಲಿ ಇಳೀತಾ ಇಲ್ವಾ?”

“ಇಳೀದೆ ಇನ್ನೇನು? ಇಳಿದ್ರೇನೇ ರುಚಿ ಗೊತ್ತಾಗೋದು.”

“ಬೆಳಗ್ಗೆಯಿಂದ ಎಷ್ಟು ಸಲ ಆಯ್ತು?”

“ಅದನ್ನ ಯಾರು ಎಣಿಸ್ತಾರೆ? ನೀವು ಎಷ್ಟು ಸಲ ಕಣ್ಣು ಮಿಟುಕಿಸಿದ್ರಿ ಹೇಳಿ ನೋಡೋಣ.”

ಬೆಂಚಿನ ಮೇಲಿದ್ದವರು ಕೆಟ್ಲಣ್ಣನ ಕಡೆಗೇ ತೀರ್ಪು ಕೊಟ್ಟರು. ರುಚಿ ನೋಡುವುದು ಕುಡಿದಂತಾದರೆ ಅಡುಗೆ ಮಾಡುವ ಹೆಂಗಸರೆಲ್ಲ ದಿನಕ್ಕೆರಡು ಊಟ ಜಾಸ್ತಿ ಮಾಡಿದಂತಾಯಿತಲ್ಲ ಎಂದು ಬಸ್ ಡ್ರೈವರ್ ಕಾನೂನಿನ ಮಾತಾಡಿದರು. ಮೇಡಂ ವಾದಕ್ಕೆ ಇಳಿಯಲಿಲ್ಲ. ಖಾಲಿ ಟ್ಯೂಬನ್ನು ಡಬ್ಬಿಗೆ ಹಾಕಿಕೊಂಡು ಹೋದರು.

ಹೋದವರು ದೊಡ್ಡ ಡಾಕ್ಟರ ಮುಂದೆ ನಿಂತರು. ಯೋಜನೆಯ ನಿಯಮ ಸ್ಪಷ್ಟ: ಮೂರು ಸಲ ಹೋಗಿಯೂ ಖಾಲಿ ಹೊಟ್ಟೆಯ ರಕ್ತ ಸಿಗದವರನ್ನು ಬಿಟ್ಟುಬಿಡಬೇಕು. ನಿಯಮ ಹಾಳು ನಿಯಮವಲ್ಲ. “ಚಹಾ ಕುಡಿದ ರಕ್ತವನ್ನ ಖಾಲಿ ಹೊಟ್ಟೆಯ ರಕ್ತ ಅಂತ ಓದಿದ್ರೆ ಎಲ್ಲರ ಲೆಕ್ಕವೂ ಕೆಡುತ್ತೆ,” ಎಂದರು ಡಾಕ್ಟರು. ಮೇಡಂ ಅದನ್ನು ಒಪ್ಪುತ್ತಾರೆ. ಅವರ ಸಂಕಟ ಬೇರೆ. “ಬಿಟ್ರೆ ನಮಗೇನೂ ನಷ್ಟ ಇಲ್ಲ, ಒಬ್ಬರು ಕಡಿಮೆ ಆಗ್ತಾರೆ. ಆದ್ರೆ ಆ ಮನುಷ್ಯ ತಾನಾಗಿ ಆಸ್ಪತ್ರೆ ಮೆಟ್ಟಿಲು ಹತ್ತೋ ಪೈಕಿ ಅಲ್ಲ. ಬೆಳಗ್ಗೆಯಿಂದ ಚೊಂಬುಗಟ್ಟಲೆ ನೀರು ಕುಡೀತಾರೆ, ಪದೇ ಪದೇ ಅಂಗಡಿ ಹಿಂದಕ್ಕೆ ಹೋಗ್ತಾರೆ. ನಾನು ಡಾಕ್ಟರಲ್ಲ, ಏನೂ ಹೇಳೋಹಾಗಿಲ್ಲ. ಆದ್ರೆ ನಾವು ಬಿಟ್ಟುಬಿಟ್ರೆ ಅವರ ರಕ್ತ ಕೇಳೋರು ಇನ್ಯಾರು?”

ಉಳಿದದ್ದು ಒಂದೇ ಸಲ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ನೋಡಿ ಮೇಡಂ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತರು. ಸಂಧಾನ ಶುರುವಾಯಿತು.

ಒಂದು ದಿನ ಅಂಗಡಿ ತಡವಾಗಿ ತೆಗೆಯಬಹುದಲ್ಲ? “ಮುಚ್ಚಿದ್ರೆ ನಾನು ಸತ್ತೆ ಅಂತ ಜನ ಹೂವು ತರ್ತಾರೆ ಮೇಡಂ.” ಒಂದು ದಿನ ರುಚಿ ನೋಡದೆ ಕೊಡಬಹುದಲ್ಲ? ಕೆಟ್ಲಣ್ಣನ ಮುಖ ಗಂಭೀರವಾಯಿತು. “ನೋಡದೆ ಕೊಟ್ರೆ ಅದು ಮೋಸ. ನನ್ನ ನಾಲಿಗೆಗೆ ಸರಿ ಅನ್ನಿಸದ ಚಹಾ ಈ ಅಂಗಡಿಯಿಂದ ಒಂದು ಲೋಟ ಹೊರಗೆ ಹೋಗಿಲ್ಲ.” ಹೋಗಲಿ, ರುಚಿ ನೋಡಿ ಉಗುಳಿಬಿಡಿ. “ನನ್ನ ಚಹಾ ನಾನೇ ಉಗುಳೋದನ್ನ ಗಿರಾಕಿ ನೋಡಿದ್ರೆ ಕುಡೀತಾನಾ?”

ನಿಜ ಹೇಳಬೇಕೆಂದರೆ ನೋಡದೆ ಕೊಟ್ಟರೆ ಮೋಸ ಎಂಬ ಆ ಮಾತು ಮೇಡಂಗೆ ಹಿಡಿಸಿತು. “ಟ್ಯೂಬನ್ನ ಬೆಳಕಿಗೆ ಹಿಡಿದು ನೋಡದೆ ನಾನೂ ಐಸಿಗೆ ಹಾಕಲ್ಲ. ಅವರದೂ ಅದೇ ಹಟ. ಬೈಯೋದು ಹೇಗೆ?” ಎಂದು ಈಗ ಕೇಳುತ್ತಾರೆ.

ಆಗ ಹಿಂದಿನಿಂದ ದನಿ ಬಂತು. “ರುಚಿ ನಾನು ನೋಡ್ತೀನಿ.”

ಕೆಟ್ಲಣ್ಣನ ಹೆಂಡತಿ. ಅಂಗಡಿ ಶುರುವಾದಾಗಿನಿಂದ ಹಿಂಭಾಗದ ಕಲ್ಲಿನ ಮೇಲೆ ಕೂತು ಲೋಟ ತೊಳೆಯುವವರು. ಗಿರಾಕಿಗಳೆಲ್ಲ ಅವರನ್ನು ಅತ್ತಿಗೆ ಎನ್ನುತ್ತಾರೆ, ಆದರೆ ಅವರ ಕೈಯಲ್ಲಿ ಸೌಟು ಕಂಡವರಿಲ್ಲ.

“ನೀನಾ?” ಎಂದರು ಗಂಡ. “ನಿನಗೆ ಸಕ್ಕರೆ ಅಂದಾಜೇ ಇಲ್ಲ. ಮನೇಲಿ ನೀನು ಮಾಡೋ ಚಹಾ ಕಷಾಯ ಇದ್ದಹಾಗಿರುತ್ತೆ.”

ಅತ್ತಿಗೆ ಒದ್ದೆ ಕೈಯಲ್ಲಿ ಒಂದು ಖಾಲಿ ಲೋಟ ಹಿಡಿದು ಬಂದರು. ಗಂಡನ ಮೂಗಿನ ಮುಂದೆ ಓರೆ ಮಾಡಿದರು. ತಳದಲ್ಲಿ ಕರಗದೆ ಉಳಿದ ಸಕ್ಕರೆ ಜಾರಿ ಅಂಚಿಗೆ ಬಂತು. “ಇಷ್ಟು ವರ್ಷ ನಿಮ್ಮ ಚಹಾದ ಮೇಲುಗಡೆ ನೀವು ನೋಡಿದ್ದೀರಿ. ತಳ ನಾನು ನೋಡಿದ್ದೀನಿ. ಜನ ಇದನ್ನ ಕುಡೀತಿಲ್ಲ, ಬಿಟ್ಟು ಹೋಗ್ತಿದ್ದಾರೆ. ದಿನಾ ನಾನು ತೊಳೀತಿರೋದು ಲೋಟ ಅಲ್ಲ, ಸಕ್ಕರೆ.”

ಕೆಟ್ಲಣ್ಣ ಬೆಂಚಿನ ತುದಿಯಲ್ಲಿ ಕೂತಿದ್ದ ಬಸ್ ಡ್ರೈವರ್ ಕಡೆ ನೋಡಿದರು. ಡ್ರೈವರ್ ತಮ್ಮ ಲೋಟದ ತಳ ನೋಡುತ್ತಿದ್ದರು.

“ಒಂದು ದಿನ,” ಎಂದರು ಕೆಟ್ಲಣ್ಣ. “ಒಂದೇ ದಿನ.”

ಆ ಒಂದು ದಿನ ಬಂದೇ ಬಿಟ್ಟಿದೆ. ಮೇಡಂ ಮಾಮೂಲಿಗಿಂತ ಬೇಗ ಬಂದು ಜಗಲಿಯ ಮೇಲೆ ಕೂತಿದ್ದಾರೆ, ಕಾವಲುಗಾರ ಇನ್ನೂ ಬಂದಿಲ್ಲ. ರಸ್ತೆಯಾಚೆ ಒಲೆ ಉರಿಯುತ್ತಿದೆ. ಸುದ್ದಿ ಹರಡಿದೆ, ಬೆಂಚಿನಲ್ಲಿ ಜಾಗವಿಲ್ಲದೆ ನಾಲ್ಕು ಜನ ನಿಂತಿದ್ದಾರೆ. ಅತ್ತಿಗೆ ಕೆಟಲ್ ಮುಚ್ಚಳವನ್ನು ವಶಕ್ಕೆ ತೆಗೆದುಕೊಂಡು ಒಲೆಯ ಪಕ್ಕದಲ್ಲಿ ನಿಂತಿದ್ದಾರೆ, ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದವರ ಹಾಗೆ.

ಮೊದಲ ಕುದಿ ಬರುತ್ತದೆ. ಕೆಟ್ಲಣ್ಣನ ಬಲಗೈ ತಾನಾಗಿ ಮುಚ್ಚಳ ಇರುವ ಜಾಗಕ್ಕೆ ಹೋಗಿ, ಬರೀ ಹಲಗೆಯನ್ನು ತಡವಿ, ಹಿಂದಕ್ಕೆ ಬರುತ್ತದೆ. ಅತ್ತಿಗೆ ಅರ್ಧ ಸೌಟು ಬಿಟ್ಟುಕೊಂಡು ಹೀರುತ್ತಾರೆ. ಎಲ್ಲರೂ ಅವರ ಗಂಟಲನ್ನೇ ನೋಡುತ್ತಾರೆ.

“ಸಾಕು,” ಎನ್ನುತ್ತಾರೆ ಅತ್ತಿಗೆ.

“ಏನು ಸಾಕು? ಸಕ್ಕರೆ ಇನ್ನೂ ಅರ್ಧ ಹಾಕಿಲ್ಲ!”

“ಅದಕ್ಕೇ ಸಾಕು ಅಂದೆ.”

ಕೆಟ್ಲಣ್ಣ ಮುಖ ಊದಿಸಿಕೊಂಡು ಲೋಟಗಳಿಗೆ ಚಹಾ ಸುರಿಯುತ್ತಾರೆ. ಬಸ್ ಡ್ರೈವರ್ ಒಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು, ನುಂಗಿ, ಇನ್ನೊಂದು ಗುಟುಕು ಕುಡಿಯುತ್ತಾರೆ.

“ಹೇಗಿದೆ?” ಕೆಟ್ಲಣ್ಣನ ದನಿ ಬಾವಿಯೊಳಗಿನಿಂದ ಬಂದಂತಿದೆ.

“ಬೈಯಲ್ಲ ಅಂದ್ರೆ ಹೇಳ್ತೀನಿ ಅಣ್ಣಾ. ಇವತ್ತು ಚಹಾ ಪುಡಿ ಜಾಸ್ತಿ ಹಾಕಿದ್ದೀರಾ? ಚಹಾದ ರುಚಿ ಬರ್ತಾ ಇದೆ.”

ಬೆಂಚು ಗೊಳ್ಳೆನ್ನುತ್ತದೆ. ಕೆಟ್ಲಣ್ಣ ಒಬ್ಬರನ್ನು ಬಿಟ್ಟು. ಎರಡನೇ ಕುದಿ, ಮೂರನೇ ಕುದಿ. ಕೈ ಪ್ರತಿ ಸಲವೂ ಹಲಗೆಯನ್ನು ತಡವುತ್ತದೆ. ಯಾರೋ ಅಭ್ಯಾಸಬಲದಿಂದ, “ನೀವೂ ಒಂದು ಲೋಟ ತಗೊಳ್ಳಿ ಅಣ್ಣಾ,” ಎಂದು ಚಾಚಿದ್ದನ್ನು ಅತ್ತಿಗೆ ನಡುವೆಯೇ ಕಿತ್ತುಕೊಳ್ಳುತ್ತಾರೆ. ಪೂರ್ವ ಬೆಳ್ಳಗಾಗುತ್ತಿದೆ. ಕಾವಲುಗಾರ ಬೀಗದ ಕೈ ಗೊಂಚಲು ಝಣಝಣಿಸುತ್ತ ದೂರದಲ್ಲಿ ಕಾಣಿಸಿಕೊಳ್ಳುತ್ತಾರೆ. ಇನ್ನೇನು ಮುಗಿಯಿತು ಎನ್ನುವಾಗಲೇ ಹಾಲು ಉಕ್ಕುತ್ತದೆ.

ಉಕ್ಕಿದ ಸಿಹಿ ಹಾಲು ಕೆಟ್ಲಣ್ಣನ ಹೆಬ್ಬೆರಳ ಮೇಲೆ ಬೀಳುತ್ತದೆ. ಸುಟ್ಟ ಬೆರಳು ಹೋಗುವ ದಾರಿ ಒಂದೇ. ಕೈ ಬಾಯಿಯ ಕಡೆ ಏರುತ್ತದೆ.

“ಕೆಟ್ಲಣ್ಣಾ! ಬಾಯಿ!”

ಬೀದಿಯ ನಾಯಿ ಎದ್ದು ನಿಲ್ಲುತ್ತದೆ. ಮೇಡಂ ಜಗಲಿಯ ಅಂಚಿನಲ್ಲಿ ಎರಡೂ ಕೈ ಎತ್ತಿ ನಿಂತಿದ್ದಾರೆ, ಇಷ್ಟು ದೊಡ್ಡ ದನಿ ಅವರಲ್ಲಿದೆಯೆಂದು ಅವರಿಗೂ ಗೊತ್ತಿದ್ದಂತಿಲ್ಲ. ರಸ್ತೆಯಾಚೆ ಕೆಟ್ಲಣ್ಣ ಬಾಯಿ ತೆರೆದು, ತುಟಿಯಿಂದ ಅಂಗುಲದಷ್ಟು ದೂರದಲ್ಲಿ ಹೆಬ್ಬೆರಳು ಹಿಡಿದು, ಕಲ್ಲಿನಂತೆ ನಿಂತಿದ್ದಾರೆ. ಅತ್ತಿಗೆ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಎಳೆದೊಯ್ದು ಲೋಟ ತೊಳೆಯುವ ತಣ್ಣೀರಿಗೆ ಅದ್ದುತ್ತಾರೆ.

“ಉರೀತಾ ಇದೆ ಕಣೇ.”

“ಉರೀಲಿ. ಬಾಯಿಗೆ ಹಾಕಿದ್ರೆ ಇಷ್ಟು ಹೊತ್ತು ತಡ್ಕೊಂಡಿದ್ದೆಲ್ಲ ನೀರಲ್ಲಿ ಹೋಮ.”

ಶಾಲೆಯ ಬೀಗ ತೆಗೆಯುವ ಸದ್ದು ಕೇಳುತ್ತದೆ. ಕೆಟ್ಲಣ್ಣ ಒದ್ದೆ ಹೆಬ್ಬೆರಳನ್ನು ಗಾಳಿಯಲ್ಲಿ ಆಡಿಸುತ್ತ, ಇನ್ನೊಂದು ತೋಳನ್ನು ಮುಂಚಿತವಾಗಿಯೇ ಚಾಚಿಕೊಂಡು ರಸ್ತೆ ದಾಟುತ್ತಾರೆ. ಬೆಂಚಿನ ಮೇಲಿದ್ದವರು ಲೋಟ ಹಿಡಿದು ಹಿಂದೆ ಬರುತ್ತಾರೆ. ಮೇಡಂ ಆ ಲೋಟಗಳನ್ನು ಜಗಲಿಯ ಮೇಲೆ ಹತ್ತಿಸುವುದಿಲ್ಲ.

ಪಟ್ಟಿ ಬಿಗಿದು ಮೊಣಕೈಯ ಒಳಭಾಗದಲ್ಲಿ ಬೆರಳಾಡಿಸುತ್ತಾರೆ. “ಮೂಟೆ ಹೊರೋವಾಗ ನಿಮ್ಮ ನರ ಹಗ್ಗದ ಹಾಗಿತ್ತು ಅಣ್ಣಾ, ಕತ್ತಲಲ್ಲೂ ಚುಚ್ಚಬಹುದಿತ್ತು. ಈಗ ಹುಡುಕ್ಬೇಕು.”

“ಎಲ್ಲಿಗೆ ಹೋಯ್ತು?”

“ಸ್ಟೂಲ್ ಮೇಲೆ ಕೂತು ಕೂತು ಒಳಗೆ ಹೋಗಿದೆ. ಸಿಕ್ತು, ಅಲ್ಲಾಡ್ಬೇಡಿ. ಆ ಕಡೆ ನೋಡಿ, ಅತ್ತಿಗೆ ಸಕ್ಕರೆ ಹಾಕ್ತಿದ್ದಾರೋ ಇಲ್ವೋ.”

ಕೆಟ್ಲಣ್ಣ ಗಾಬರಿಯಿಂದ ಅಂಗಡಿಯ ಕಡೆ ತಿರುಗಿ, ಮತ್ತೆ ಈ ಕಡೆ ತಿರುಗುವ ಹೊತ್ತಿಗೆ ಟ್ಯೂಬು ತುಂಬಿದೆ. ಮೇಡಂ ಅದನ್ನು ಮೆಲ್ಲಗೆ ತಲೆಕೆಳಗು ಮಾಡಿ ನೆಟ್ಟಗೆ ನಿಲ್ಲಿಸುತ್ತಾರೆ. ಅದು ಹೆಪ್ಪುಗಟ್ಟುವವರೆಗೆ ಉಳಿದವರ ತೋಳುಗಳು ಒಂದೊಂದಾಗಿ ಬರುತ್ತವೆ. ನಿನ್ನೆ ವಾಪಸು ಹೋಗಿದ್ದ ಜೇನುತುಪ್ಪದ ಅಜ್ಜಿಯೂ ಬಂದಿದ್ದಾರೆ, ಬಾಟಲಿಯನ್ನು ಸಾಕ್ಷಿಗೆಂದು ಕೈಯಲ್ಲೇ ಹಿಡಿದುಕೊಂಡು. ಆಮೇಲೆ ಮಿಕ್ಸಿ ತಿರುಗುತ್ತದೆ. ನಿಂತ ಮೇಲೆ ಮೇಡಂ ಕೆಟ್ಲಣ್ಣನ ಟ್ಯೂಬನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ತಳದಲ್ಲಿ ಕಡುಗೆಂಪು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ. ಒಂದು ಚೂರೂ ಕೆಂಪು ಬೆರೆತಿಲ್ಲ.

“ಹೇಗಿದೆ?” ಎನ್ನುತ್ತಾರೆ ಕೆಟ್ಲಣ್ಣ, ಬಸ್ ಡ್ರೈವರನ್ನು ಕೇಳಿದ ಅದೇ ದನಿಯಲ್ಲಿ.

“ಚೆನ್ನಾಗಿ ಬಂದಿದೆ.”

“ನಾನು ಮೊದಲೇ ಹೇಳಿರಲಿಲ್ವಾ,” ಎನ್ನುತ್ತಾರೆ ಕೆಟ್ಲಣ್ಣ. ಅವರು ಏನೂ ಹೇಳಿರಲಿಲ್ಲ. ಅಂಗಡಿಗೆ ಮರಳಿ ಆ ದಿನದ ಮೊದಲ ಚಹಾ ಕುಡಿಯುತ್ತಾರೆ, ಲೋಟದಲ್ಲಿ, ಹೆಂಡತಿ ರುಚಿ ನೋಡಿದ್ದನ್ನು. ಬೆಂಚಿನವರು ಕಾಯುತ್ತಾರೆ. ಕೆಟ್ಲಣ್ಣ ಇನ್ನರ್ಧ ಲೋಟ ಬಿಟ್ಟುಕೊಳ್ಳುತ್ತಾರೆ.

ಸಕ್ಕರೆಯ ಫಲಿತಾಂಶ ಒಂದು ವಾರದಲ್ಲಿ ಬಂತು. ಅದನ್ನು ತಲುಪಿಸುವುದು ಮೇಡಂ ಕೆಲಸವಲ್ಲ, ಫೋನಿನಲ್ಲಿ ಹೇಳಿದರೆ ಸಾಕಿತ್ತು, ಆದರೂ ಅವರು ದೊಡ್ಡ ಡಾಕ್ಟರನ್ನೇ ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಬಂದರು. ಐಸ್ ಡಬ್ಬಿ ಕೂರುವ ಜಾಗದಲ್ಲಿ ಡಾಕ್ಟರನ್ನು ಕಂಡು ಬೆಂಚಿನವರೆಲ್ಲ ಎದ್ದು ನಿಂತರು. ಕೆಟ್ಲಣ್ಣನ ರಕ್ತದ ಸಕ್ಕರೆ ಇರಬೇಕಾದ್ದಕ್ಕಿಂತ ಹೆಚ್ಚಿತ್ತು, ಕಾಯಿಲೆ ಎನ್ನುವ ಗೆರೆಯನ್ನು ಇನ್ನೂ ದಾಟಿರಲಿಲ್ಲ. ನಡೆಯಬೇಕು, ಸಿಹಿ ಇಳಿಸಬೇಕು, ಮೂರು ತಿಂಗಳಿಗೊಮ್ಮೆ ನೋಡಿಸಿಕೊಳ್ಳಬೇಕು ಎಂದರು ಡಾಕ್ಟರು.

ಕೆಟ್ಲಣ್ಣ ಮೇಡಂ ಕಡೆ ತಿರುಗಿದರು. “ಅಂದ್ರೆ? ನಿಮ್ಮ ಭಾಷೇಲಿ ಹೇಳಿ.”

“ನೆಂಟ ಬೀದಿಗೆ ಬಂದಿದ್ದಾನೆ ಅಣ್ಣಾ. ಮನೆ ನಂಬರ್ ಹುಡುಕ್ತಿದ್ದಾನೆ. ಬಾಗಿಲು ಹಾಕ್ಕೊಳ್ಳೋಕೆ ಇನ್ನೂ ಟೈಮ್ ಇದೆ.”

“ಮತ್ತೆ ಆ ಪ್ರೋಟೀನು? ಅದೇನಂತೆ?”

“ಅದು ಇನ್ನೂ ಬಾಯಿ ಬಿಟ್ಟಿಲ್ಲ. ಎಲ್ಲಾ ಹಳ್ಳಿಯವರದ್ದೂ ಸೇರಿಸಿ ಓದ್ಬೇಕು. ಹೇಳಿದ ದಿನ ನಾನೇ ಬಂದು ಹೇಳ್ತೀನಿ.”

ಮೇಡಂ ಈಗ ಬೇರೆ ಹಳ್ಳಿಯ ಬೇರೆ ಜಗಲಿಯನ್ನು ಗುಡಿಸುತ್ತಿದ್ದಾರೆ. ಅಲ್ಲಿಯ ತೊಂದರೆ ಚಹಾ ಅಲ್ಲ, ಪರೀಕ್ಷೆ ‘ಪಾಸಾಗಲು’ ಎರಡು ದಿನದಿಂದ ಉಪವಾಸ ಕೂತಿರುವ ಒಂದು ಇಡೀ ಕುಟುಂಬ. ಅವರಿಗೆ ಊಟ ಮಾಡಿಸಿ ನಾಡಿದ್ದು ಬರಲು ಹೇಳಿದ್ದಾಗಿದೆ. ಈ ಕೆಲಸದಲ್ಲಿ ನಿಮಗೊಂದು ಆಸೆ ಅಂತ ಇದ್ದರೆ ಏನು ಎಂದು ಕೇಳಿದರೆ ಕಸಬರಿಕೆಯನ್ನು ಗೋಡೆಗೆ ಒರಗಿಸುತ್ತಾರೆ. “ಶಾಲೆಗಳ ಬೀಗದ ಕೈ ನನ್ನ ಹತ್ರಾನೂ ಒಂದೊಂದು ಇದ್ರೆ ಚೆನ್ನಾಗಿತ್ತು. ಬೆಳಗ್ಗೆ ಜನ ಹಸ್ಕೊಂಡು ಕಾಯೋದು ತಪ್ಪುತ್ತೆ.” ಅರ್ಜಿ ಕೊಟ್ಟಿದ್ದಾರೆ. ಬೀಗದ ಕೈ ಇನ್ನೂ ಸಿಕ್ಕಿಲ್ಲ.

ಕೂಡುರಸ್ತೆಯ ಅಂಗಡಿಯಲ್ಲಿ ಚಹಾದ ರುಚಿಯನ್ನು ಅತ್ತಿಗೆ ನೋಡುತ್ತಾರೆ, ಎಲ್ಲ ಕುದಿಗೂ ಅಲ್ಲ, ಮೊದಲ ಕುದಿಗೆ ಮಾತ್ರ, ಒಂದು ಚಮಚ. ಲೋಟ ತೊಳೆಯುವುದು ಕೆಟ್ಲಣ್ಣ. ಗಿರಾಕಿ ಕಡಿಮೆಯಾಗಿಲ್ಲ. ಕೆಟಲ್‌ನ ಮುಚ್ಚಳ ಈಗ ಕೆಟಲ್ ಮೇಲೆಯೇ ಇರುತ್ತದೆ.